ಕತ್ತಿನ ಅಚ್ಚು

ಲೆಸ್ ಎರಡು ಡಬ್ಬಿ ತೆಗೆದು ಗಾಜಿನ ಮೇಲಿಟ್ಟ.
ಒಂದು ಕೆಂಪು, ಒಂದು ಹಸಿರು;
ಹಸಿರಿನ ಮೂಲೆಯನ್ನು ಇಲಿ ಕಡಿದಿದೆ.
"ತ್ರೀ-ನಾಟ್-ತ್ರೀಗೆ ಈಗ ಯಾರು ಬರುತ್ತಾರೆ, ಐಲ್ಸಾ?
ಇದು ಮೈಯಿಡೀ ಹಿಂಡುವ ಅಚ್ಚು.
ಇದು ಬರೀ ಕತ್ತಿನದು.
ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದು?"

ನಾನು ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದೆ.
ನಲವತ್ತಮೂರು ಖಾಲಿ ತೋಟಾ,
ಸ್ಟ್ರೂವನ್ ಹಾರಿಸಿದವು.
ಮುಚ್ಚಳದ ಒಳಗೆ ಅವನ ಪೆನ್ಸಿಲ್ಲು:
ಕತ್ತು ಮಾತ್ರ. ನಾಲ್ಕು ಸಲ.

ಮಕಾರೋರಾ ಹೊಳೆ ಮೂರನೇ ದಿನ
ನನ್ನ ತಮ್ಮನನ್ನು ಕಲ್ಲುದಿಣ್ಣೆಗೆ ತಂದು ಮಲಗಿಸಿತು.
ಕೋವಿಯನ್ನು ಇಟ್ಟುಕೊಂಡಿತು.

ಯುದ್ಧದ ಕಾಲದ ಕೋವಿಗಳು ಅವು.
ಕೆಸರು ಹೊಕ್ಕರೂ ತೋಟಾ ಸಿಕ್ಕಿಬೀಳದಿರಲೆಂದು
ಗೂಡನ್ನು ದೊಗಳೆಯಾಗಿ ಕೊರೆದರು,
ಬೆಳೆಯುವ ಹುಡುಗನಿಗೆ ಅಂಗಿ ಹೊಲಿಸಿದ ಹಾಗೆ.
ಒಂದೊಂದರದು ಒಂದೊಂದು ಅಳತೆ.
ಸಿಡಿದ ಗಳಿಗೆಯಲ್ಲಿ ಹಿತ್ತಾಳೆ ಉಬ್ಬಿ
ಸುತ್ತಲ ಗೋಡೆ ಮುಟ್ಟಿ
ಅಲ್ಲೇ ತಣಿಯುತ್ತದೆ.
ಆಮೇಲೆ ಅದು ಆ ಕೋವಿಯದು, ಬೇರೆ ಯಾರದೂ ಅಲ್ಲ.
ಕಂಡವರ ಮಾತು ನಂಬುವವರಿಗೆ ಹಿತ್ತಾಳೆ ಕಿವಿ ಅನ್ನುತ್ತಾರೆ;
ಹಿತ್ತಾಳೆಯೋ,
ತನ್ನ ಮೈಗೆ ತಾಗಿದ್ದನ್ನಷ್ಟೇ ನಂಬುತ್ತದೆ.

ಈಗ ನನ್ನಲ್ಲಿರುವುದು ಅದೇ ವರ್ಷದ್ದು, ಅದೇ ಕಾರ್ಖಾನೆಯದು.
ರೇನ್‌ಫರ್ಲಿಯಲ್ಲಿ ಕುರಿಬೇಲಿಯ ತಂತಿಸುರುಳಿಗಳ ಜೊತೆ ಹರಾಜಿಗೆ ಬಂದಿತ್ತು.
ಅವನ ತೋಟಾ ಅದಕ್ಕೆ ಹಾಕಿ ನೋಡಿದ್ದೆ.
ಬೋಲ್ಟು ಮುಕ್ಕಾಲಿಗೇ ನಿಂತಿತು.
ಬಲ ಹಾಕಲಿಲ್ಲ.

"ಹಾಗಾದರೆ ಕೆಂಪು ಡಬ್ಬಿ," ಎಂದ ಲೆಸ್.
"ಕುರಿಯುಣ್ಣೆಯ ಜಿಡ್ಡು ಸವರು, ಹಿಡಿ ಒತ್ತು,
ಕಾರ್ಖಾನೆಯಿಂದ ಬಂದಂತಾಗುತ್ತದೆ.
ಯಾವ ಕೋವಿಗಾದರೂ ಕೂರುತ್ತದೆ."

ನಲವತ್ತಮೂರು ಸಲ ಹಿಡಿ ಒತ್ತಿದರೆ
ನೀರಿನಡಿಯ ಆ ಕೋವಿಯ ಒಳಗು
ಭೂಮಿಯ ಮೇಲೆ ಎಲ್ಲೂ ಉಳಿಯುವುದಿಲ್ಲ.
ಇದನ್ನು ಹೇಳಲಿಲ್ಲ. ಹೇಳಿದ್ದು,
"ಹಸಿರಿನದೇ ವಾಸಿ ಅನ್ನಿಸುತ್ತೆ."
"ಕೂರದ ಹಿತ್ತಾಳೆಗೆ ಕತ್ತಿನ ಅಚ್ಚು ಕೊಂಡು ಏನು ಮಾಡ್ತೀಯ?"

ನಾನು ಸುಮ್ಮನಿದ್ದೆ.
ಹೊರಗೆ ಯಾರದೋ ಟ್ರಕ್ಕು, ಅದರಲ್ಲಿ ಎರಡು ನಾಯಿ.

ಅವನು ಬಿಲ್ಲಿನ ಕಾಗದಕ್ಕೆ ಸಿಕ್ಕಿಸಿದ್ದ ಪಿನ್ನು ಕಿತ್ತು
ನೆಟ್ಟಗೆ ಮಾಡಿ, ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ
ಒಂದು ತೋಟಾದ ಬಾಯಿಗಿಳಿಸಿದ.
"ಹಿಡಿ. ಕಣ್ಣು ಮುಚ್ಚು. ಮೆಲ್ಲಗೆ ಮೇಲಕ್ಕೆಳೆ."
ಬುಡದಿಂದ ಒಂದು ಕಾಳು ಮೇಲೆ
ಕೊಕ್ಕೆ ತಡವರಿಸಿತು,
ಒಡೆದ ಹಲ್ಲಿನ ಅಂಚಿಗೆ ನಾಲಿಗೆ ಹೋದ ಹಾಗೆ.
ಒಳಗಿನಿಂದ ಹಿಗ್ಗಿ ಹಿಗ್ಗಿ ತೆಳುವಾದ ಗೋಡೆ.
ಇನ್ನೊಂದು ಏಟಿಗೆ ತಲೆ ಬೇರೆ, ಮುಂಡ ಬೇರೆ.
ಎರಡನೆಯದೂ ಹಾಗೆ. ಹನ್ನೊಂದನೆಯದೂ.

"ನಾಲ್ಕು ಸಲವಂತೆ!" ಎಂದ ಲೆಸ್.
"ಒಂಬತ್ತಾದರೂ ಆಗಿದೆ. ಸುಳ್ಳ. ಜಿಪುಣ."
ಸ್ಟ್ರೂವನ್ ಟೀ ಪುಡಿಯನ್ನೂ ಒಣಗಿಸಿ ಮತ್ತೆ ಕುದಿಸುತ್ತಿದ್ದ.
ನನಗೆ ನಗು ಬಂತು,
ಅವನಿಗೂ ಬಂತು,
ಗಾಜಿನ ಮೇಲೆ ತೋಟಾಗಳು ಉರುಳಿದವು.

ಐವತ್ತು ಹೊಸ ಹಿತ್ತಾಳೆ ಕೊಂಡೆ. ಹಸಿರು ಡಬ್ಬಿ ಕೊಂಡೆ.
"ಮೊದಲ ಸಲ ಹಾಗೇ ಹಾರಿಸು," ಎಂದ,
"ನಿನ್ನ ಗೂಡನ್ನು ಅದು ಕಲಿಯಲಿ.
ಆಮೇಲೆ ಕತ್ತು ಮಾತ್ರ."
ಇಲಿ ಕಡಿದದ್ದಕ್ಕೆ ಐದು ಡಾಲರ್ ಬಿಟ್ಟ.

ಹಳೆಯವನ್ನು ಅಮ್ಮ ದಾರಕ್ಕೆ ಪೋಣಿಸಿ
ಏಪ್ರಿಕಾಟ್ ಮರಗಳಿಗೆ ತೂಗುಹಾಕಿದ್ದಾಳೆ, ಹಕ್ಕಿ ಬೆದರಲೆಂದು.
ಹಕ್ಕಿಗಳು ಹೆದರುವುದಿಲ್ಲ.
ಗಾಳಿ ಎದ್ದಾಗ ಮಾತ್ರ
ಖಾಲಿ ಬಾಯಿಗಳು ಒಂದಕ್ಕೊಂದು ತಾಗುತ್ತವೆ.

ಮೊನ್ನೆ ಮಂಜು ಕರಗಿದ ಮೇಲೆ
ಗುಡ್ಡದ ದರೆಗೆ ಕಾಗದ ಅಂಟಿಸಿ ಹೊಸ ಐವತ್ತನ್ನೂ ಹಾರಿಸಿದೆ.
ಬಿದ್ದವನ್ನು ಹುಲ್ಲಿನಿಂದ ಹೆಕ್ಕಿದೆ; ಇನ್ನೂ ಬೆಚ್ಚಗಿದ್ದವು.
ಅವನ ಡಬ್ಬಿಯ ಮುಚ್ಚಳದಲ್ಲಿ
ಅವನ ಸಾಲಿನ ಕೆಳಗೆ ಬರೆದೆ:
ಒಂದು ಸಲ.
ಪಕ್ಕದಲ್ಲಿ, ಸ್ವಲ್ಪ ಒತ್ತಿ: ನಿಜ.