ತಳ ಹಿಡಿದ ಪಾತ್ರೆ

ಮಲೋಟಿ ಬೆಟ್ಟದ ಮೇಲೆ ಜೂನ್ ಎಂದರೆ
ಉಗುರಿನೊಳಗೂ ಚಳಿ.
ಮಾಸೆರುವಿನಿಂದ ಬಂದ ಹದಿನೇಳು ಜನ ನಾವು.
ಇಗರ್ಜಿಯ ವ್ಯಾನು ಎರಡು ಸಲ ಕೆಟ್ಟು
ಮೂರನೆಯ ಸಲ ನಾವೇ ತಳ್ಳಿ ಹತ್ತಿಸಿದ್ದು.

ಮೊದಲ ರಾತ್ರಿ ಬೆಂಕಿಯ ಸುತ್ತ ಸಾಕ್ಷಿ ಹೇಳುವ ಸರದಿ.
ಪುಲೆಂಗ್‌ಗೆ ಗಣಿತದಲ್ಲಿ ದೇವರು ನೆರವಾಗಿದ್ದ.
ಸೆಯಿಸೋನ ಅಪ್ಪ ಗಣಿಯಿಂದ ಬದುಕಿ ಬಂದಿದ್ದ.
ಎಲ್ಲರೂ ಹಲ್ಲೆಲೂಯ ಅಂದರು, ನಾನೂ ಅಂದೆ.
ನನ್ನ ಸರದಿ ಬಂದಾಗ
ಸೌದೆ ತರುತ್ತೇನೆಂದು ಎದ್ದುಹೋದೆ.

ಲಿಮಕಾತ್ಸೊ, ಅಂದರೆ ಪವಾಡಗಳು.
ಹೆಸರಿಟ್ಟ ಅಜ್ಜಿಗೆ ಏನು ಕಂಡಿತ್ತೋ.
ನನಗೆ ಕಂಡದ್ದು ಮೆಕ್ಕೆಜೋಳದ ಗಂಜಿ ತಳ ಹಿಡಿದ ಪಾತ್ರೆ,
ತಿಕ್ಕುವ ಪಾಳಿ ಮೂರು ದಿನವೂ ನನ್ನದೇ.

ಎರಡನೆಯ ರಾತ್ರಿ, ಎಷ್ಟು ಹೊತ್ತೋ,
ಒಂದಕ್ಕೆ ಅವಸರವಾಗಿ ಹೊರಗೆ ಬಂದೆ.
ಕುರಿದೊಡ್ಡಿಯ ಆಚೆ ಕೂತು ಏಳುವಷ್ಟರಲ್ಲಿ
ಎರವಲು ಟಾರ್ಚು ಮಿಣುಕಿ ಸತ್ತಿತು.

ಆ ಕತ್ತಲೆಯನ್ನು ಏನೆನ್ನಲಿ.
ಊರಿನಲ್ಲಿ ಕತ್ತಲೆಯೆಂದರೆ ಕರೆಂಟು ಹೋಗುವುದು.
ಇಲ್ಲಿ ಯಾವುದೂ ಹೋಗಿರಲಿಲ್ಲ,
ಬಂದೇ ಇರಲಿಲ್ಲ.
ಮೇಲೆ ಉದುರಿ ಬೀಳುವಷ್ಟು ಚುಕ್ಕಿ,
ಆದರೂ ನನ್ನ ಕಾಲು ನನಗೆ ಕಾಣದು.

ಆಗ ಕೇಳಿಸಿತು ಬಂಡೆಯ ಆ ಬದಿಯಿಂದ
ಥೆಸೆಲೆಯಣ್ಣನ ದನಿ.
ಹಗಲಿಡೀ ನಮಗೆ ದೇವರ ಗುರುತು ಹೇಳಿಕೊಟ್ಟವನು
ಮೂಗು ಸೀಟುತ್ತ ಕೇಳುತ್ತಿದ್ದ:
'ಇದ್ದೀಯಾ?
ಇದ್ದರೆ ಒಂದು ಸಲ ಕೆಮ್ಮು.'

ಆಣೆಯಾಗಿ ಬೇಕೆಂದು ಅಲ್ಲ,
ಹೊಗೆ ಕುಡಿದ ಗಂಟಲು, ಚಳಿ ಬೇರೆ.
ನಾನು ಕೆಮ್ಮಿದೆ.

ಬಹಳ ಹೊತ್ತು ಬೆಟ್ಟ ಉಸಿರಾಡಲಿಲ್ಲ.
'ಯಾರು?'
'ನಾನೇ ಅಣ್ಣಾ, ಪಾತ್ರೆಯವಳು. ಟಾರ್ಚು ಸತ್ತಿದೆ.'
ನಕ್ಕನೋ ಅತ್ತನೋ, ಕತ್ತಲೆಗೆ ಗೊತ್ತು.
ತನ್ನ ಕಂಬಳಿಯ ಒಂದು ತುದಿ ಚಾಚಿದ.
ಹಿಡಿದೆ.
ದಾರಿ ಅವನಿಗೂ ಗೊತ್ತಿರಲಿಲ್ಲ.
ಒಮ್ಮೆ ಮುಳ್ಳಿಗೆ ಸಿಕ್ಕಿ,
ಒಮ್ಮೆ ದೊಡ್ಡಿಯ ಗೋಡೆಗೆ ಇಬ್ಬರೂ ಹಣೆ ಚಚ್ಚಿಕೊಂಡು,
ಕಂಬಳಿ ಬಿಗಿದಾಗ ನಿಂತು, ಸಡಿಲಿದಾಗ ನಡೆದು,
ಕೊನೆಗೆ ಬಾಗಿಲು
ಕೈಗೇ ಸಿಕ್ಕಿತು, ಕಣ್ಣಿಗಲ್ಲ.

ಹೊರಡುವ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಕೇಳಿದ,
ನನ್ನ ಮುಖ ನೋಡದೆ:
'ಇನ್ನು ಯಾರಿಗಾದರೂ ಹೇಳುವುದುಂಟೇ?'
ಅವನ ಹಣೆಯ ಮೇಲೊಂದು ಬುಗುಟು.
ನನ್ನದರ ಮೇಲೂ.

ಎದ್ದು ನಿಂತೆ. ಅಂದೆ:
ಪಾತ್ರೆಗೆ ಹಿಡಿದದ್ದು ಬಿಟ್ಟಿತು.
ತೊರೆಯ ಮರಳು, ಹಿಮ ಕರಗಿದ ನೀರು,
ಸಾಬೂನು ಬೇಕಾಗಲಿಲ್ಲ.

ಎಲ್ಲರೂ ನಕ್ಕರು. ಅವನೊಬ್ಬ
ಹಲ್ಲೆಲೂಯ ಅಂದ,
ಕೆಮ್ಮುತ್ತ.