ಹಿನ್ನೆಲೆ ಕಳೆದ ಮೇಲೆ

ರಾತ್ರಿ ಹನ್ನೊಂದು. ಯಶವಂತಪುರದ ಕಡೆ ಗೂಡ್ಸ್ ಗಾಡಿ
ಹಾದಾಗೆಲ್ಲ ಗೆರೆ ಅದುರುತ್ತದೆ;
ಅದು ಹಳಿಯ ನಡುಕ, ನಿನ್ನದಲ್ಲ.
ಮತ್ತೆ ಮೊದಲಿಂದ ಓಡಿಸುತ್ತೇನೆ.

ನೀರಿನದನ್ನು ಕಳೆದೆ. ಆವಿಯದನ್ನು ಕಳೆದೆ.
ಹೊತ್ತು ನಿಂತ ಸಿಲಿಕಾ ಮಣಿಯದನ್ನೂ.
ಉಳಿದದ್ದು ನೀನು, ಲೈಪೇಸು,
ಹಗ್ಗ ಕಾಣದ ಹಾಗೆ ಕಟ್ಟಿಸಿಕೊಂಡವಳು.

ಸಾವಿರದ ಆರುನೂರ ಐವತ್ತರ ದಿಬ್ಬ
ಚೂರು ಬಲಕ್ಕೆ ವಾಲಿದೆ.
ಸುರುಳಿ ಎಲ್ಲೋ ಸಡಿಲ; ಗಂಟು ಬಿದ್ದಲ್ಲಿ
ನೋವೋ, ಬರೀ ಅಳತೆಯೋ, ಗೊತ್ತಿಲ್ಲ.

"ಸತ್ತಿದೆ, ತೊಳೆದುಬಿಡು" ಅಂದಿದ್ದರು ಗ್ಲಾಡಿಸ್ ಮೇಡಂ.
ತೊಳೆಯಲಿಲ್ಲ. ಕ್ಯಾಂಟೀನಿನ ಕಡಲೆಕಾಯಿ ಎಣ್ಣೆ
ಒಂದು ಹನಿ ಬಿಟ್ಟು
ಕೈ ಕಟ್ಟಿ ಕೂತೆ.

ಹನ್ನೆರಡೂ ಕಾಲಿಗೆ
ಎಣ್ಣೆಯ ಗೆರೆ ಕೂದಲೆಳೆಯಷ್ಟು ತಗ್ಗಿತು.
ಕಟ್ಟಿಹಾಕಿದ್ದರೂ ಮೇಯುತ್ತಿದ್ದೀಯಲ್ಲೇ!

ಫೋನು ಮಾಡಲೇ? ಬೇಡ.
ಇನ್ನೊಂದು ಸಲ ತಗ್ಗಲಿ.
ಅಷ್ಟರಲ್ಲಿ, ದೂರದಲ್ಲಿ, ಮತ್ತೆ ಗಾಡಿ.