ಮೂವತ್ತಡಿ

ಕಾಲು ಕಳಚಿ ಇಳಿಸಿದರೆ ಮೇಜೇ ಮಂಚ,
ಮೆಟ್ಟಿಲೆತ್ತಿದರೆ ಎಂಜಿನ್ನು,
ಕೂರುವ ಪೆಟ್ಟಿಗೆಯಲ್ಲಿ ಆಲೂಗಡ್ಡೆ, ಲೈಫ್ ಜಾಕೆಟ್ಟು.
ಇಲ್ಲಿ ಯಾವುದೂ ಬರೀ ತಾನಲ್ಲ
ಎನ್ನುತ್ತಾನೆ ಸಿಕ್ಸ್ಟೆನ್, ಕೊಳ್ಳಲು ಬಂದವನಿಗೆ.

ಶೌಚಕ್ಕೆ ಹಿಮ್ಮುಖವಾಗಿ ಹೋಗಬೇಕು,
ದೊರೆಯ ಮುಂದಿಂದ ಸರಿದ ಹಾಗೆ.
ಫ್ರಿಜ್ಜಿನಲ್ಲಿ ಆರು ಬಿಯರು, ಇಲ್ಲವೇ ಒಂದು ಮೀನು.
ಡೀಸೆಲ್ ಹೀಟರು ಟಿಕ್ಕೆನ್ನುತ್ತ
ಓಲಂಡ್ ದ್ವೀಪದ ಸೆಪ್ಟೆಂಬರನ್ನು
ಗಾಜಿನಾಚೆಗೇ ನಿಲ್ಲಿಸುತ್ತದೆ.

ದೋಣಿಯ ಮೂಗಿನೊಳಗೆ ಹಾಸಿಗೆ,
ಮೂಗಿನ ಹಾಗೇ ಚೂಪು:
ತಲೆಗಳು ದೂರ ದೂರ,
ಪಾದಗಳಿಗಷ್ಟೇ ಜಾಗವಿಲ್ಲ.
"ಜಗಳವಾಡಿದ ರಾತ್ರಿ?" ನಕ್ಕ ಬಂದವ.

ಗುನ್ವೋರ್ ಹೊರಗೆ ಹಗ್ಗ ಸುತ್ತುತ್ತಿದ್ದಳು.
"ಉಣ್ಣೆಯ ಕಾಲುಚೀಲ," ಅಂದಳು ತಿರುಗದೆ,
"ಇವನದು ಚುಚ್ಚುತ್ತದೆ.
ಬೆಳಗಾಗುವಷ್ಟರಲ್ಲಿ
ಯಾವುದು ಯಾರ ಕಾಲೋ."

ಸಿಕ್ಸ್ಟೆನ್ ಕೆಮ್ಮಿ,
ಬೆಲೆಗೆ ಇನ್ನೆರಡು ಸಾವಿರ ಸೇರಿಸಿದ.